ಕ್ಲಿಯರ್ ಫಾರ್ಮ್ಯಾಟಿಂಗ್ ಒತ್ತಿದರೆ ಎಲ್ಲವೂ ಸರಿಹೋಗುತ್ತದೆಯೇ?

"ಬರಹ ಅಡ್ಡಾದಿಡ್ಡಿ ಆಗಿದೆಯಾ? ಕಂಟ್ರೋಲ್ ಎ ಒತ್ತಿ, ಆಮೇಲೆ ಕಂಟ್ರೋಲ್ ಸ್ಪೇಸ್ ಒತ್ತಿ. ಒಂದೇ ಸೆಕೆಂಡಿನಲ್ಲಿ ಎಲ್ಲ ಕ್ಲೀನ್!" ಕಂಪ್ಯೂಟರ್ ಟಿಪ್ಸ್ ಹೆಸರಿನಲ್ಲಿ ಓಡಾಡುವ ಫಾರ್ವರ್ಡ್‌ಗಳಲ್ಲಿ ಈ ಥರದ ಸಲಹೆ ನೀವೂ ನೋಡಿರಬಹುದು. ಇದನ್ನು ಪೂರ್ತಿ ಸುಳ್ಳು ಎನ್ನುವಂತಿಲ್ಲ. ಆ ಎರಡು ಕೀಲಿಗಳು ನಿಜಕ್ಕೂ ಕೆಲಸ ಮಾಡುತ್ತವೆ. ಆದರೆ ಅವು ಏನನ್ನು ಅಳಿಸುತ್ತವೆ, ಏನನ್ನು ಉಳಿಸುತ್ತವೆ ಎಂದು ತಿಳಿಯದೆ ಒತ್ತಿದರೆ ಕೆಲವೊಮ್ಮೆ ಬರಹದ ಅಂದ ಮಾತ್ರವಲ್ಲ, ಅರ್ಥವೂ ಹೋಗುತ್ತದೆ. ಕನ್ನಡದ ವಿಷಯದಲ್ಲಂತೂ ಕನ್ನಡವೇ ಮಾಯವಾಗುವ ಸಾಧ್ಯತೆ ಇದೆ!

ನಮ್ಮಲ್ಲಿ ಹೆಚ್ಚಿನವರಿಗೆ ಈ ತೊಂದರೆ ಎದುರಾಗುವುದು ಯಾವಾಗ? ಶಾಲೆಯ ವಾರ್ಷಿಕ ಸಂಚಿಕೆ, ದೇವಸ್ಥಾನದ ಜೀರ್ಣೋದ್ಧಾರದ ಸ್ಮರಣ ಸಂಚಿಕೆ, ಹೊರನಾಡಿನ ಕನ್ನಡ ಸಂಘದ ರಾಜ್ಯೋತ್ಸವ ವಿಶೇಷಾಂಕ, ಇಂಥದ್ದರಲ್ಲಿ ಯಾವುದಾದರೂ ನಿಮ್ಮ ತಲೆಗೆ ಬಂದಾಗ. ನಲವತ್ತು ಜನರಿಂದ ನಲವತ್ತು ಲೇಖನ ಬರುತ್ತವೆ. ಒಬ್ಬರು ವಾಟ್ಸ್‌ಆ್ಯಪ್‌ನಲ್ಲೇ ಟೈಪ್ ಮಾಡಿ ಕಳಿಸುತ್ತಾರೆ, ಇನ್ನೊಬ್ಬರು ವರ್ಡ್ ಫೈಲ್ ಕಳಿಸುತ್ತಾರೆ, ಹಿರಿಯರೊಬ್ಬರು ನುಡಿಯಲ್ಲಿ ಟೈಪ್ ಮಾಡಿಸಿ ಕಳಿಸುತ್ತಾರೆ. ಎಲ್ಲವನ್ನೂ ಒಂದೇ ಕಡೆ ಪೇಸ್ಟ್ ಮಾಡಿದಾಗ ಪುಟ ಜಾತ್ರೆಯಂತೆ ಕಾಣುತ್ತದೆ. ಆಗ ಎಲ್ಲರ ಕೈ ಹೋಗುವುದು ಆ ಮಾಂತ್ರಿಕ ಗುಂಡಿಯ ಕಡೆಗೇ.

ಒಂದು ಅಕ್ಷರಕ್ಕೆ ಎರಡು ಅಂಗಿ

ವರ್ಡ್ ಇರಲಿ, ಲಿಬ್ರೆ ಆಫೀಸ್ ಇರಲಿ, ಪತ್ರಿಕಾ ಕಚೇರಿಗಳಲ್ಲಿ ಬಳಸುವ ಇನ್‌ಡಿಸೈನ್ ಇರಲಿ, ಎಲ್ಲವೂ ಅಕ್ಷರದ ರೂಪವನ್ನು ಪದರ ಪದರವಾಗಿ ನೆನಪಿಟ್ಟುಕೊಳ್ಳುತ್ತವೆ. ಕೆಳಗಿನ ಪದರ ಸ್ಟೈಲ್. ಅದರ ಮೇಲಿನದು ನಾವು ಕೈಯಾರೆ ಮಾಡಿದ ಬದಲಾವಣೆ, ಅಂದರೆ ಅಕ್ಷರಗಳನ್ನು ಸೆಲೆಕ್ಟ್ ಮಾಡಿ ದಪ್ಪ ಮಾಡಿದ್ದು, ಬಣ್ಣ ಹಚ್ಚಿದ್ದು, ಗಾತ್ರ ಹೆಚ್ಚಿಸಿದ್ದು. ಎರಡರ ನಡುವೆ ಜಗಳ ಬಂದರೆ ಮೇಲಿನ ಪದರವೇ ಗೆಲ್ಲುತ್ತದೆ.

ಶಾಲೆಯ ಸಮವಸ್ತ್ರ ನೆನಪಿಸಿಕೊಳ್ಳಿ. "ಎಂಟನೇ ತರಗತಿಯವರು ನೀಲಿ ಅಂಗಿ ಹಾಕಬೇಕು" ಎಂದು ನಿಯಮ ಮಾಡುವುದು ಸ್ಟೈಲ್. ಒಬ್ಬೊಬ್ಬ ಹುಡುಗನನ್ನೂ ಕರೆದು "ನೀನು ನೀಲಿ ಅಂಗಿ ಹಾಕಿಕೊಂಡು ಬಾ" ಎನ್ನುವುದು ಕೈಯಾರೆ ಮಾಡುವ ಫಾರ್ಮ್ಯಾಟಿಂಗ್. ಮೊದಲ ದಿನ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಮುಂದಿನ ವರ್ಷ, ಅಂಗಿಯ ಬಣ್ಣ ಬದಲಿಸಬೇಕಾದಾಗ. ನಿಯಮವಿದ್ದರೆ ಒಂದು ಸಾಲು ತಿದ್ದಿದರೆ ಸಾಕು. ಇಲ್ಲದಿದ್ದರೆ ನಲವತ್ತು ಹುಡುಗರನ್ನೂ ಮತ್ತೆ ಕರೆಯಬೇಕು. ಒಬ್ಬಿಬ್ಬರು ಖಂಡಿತ ತಪ್ಪಿಸಿಕೊಳ್ಳುತ್ತಾರೆ. ಅಚ್ಚಾಗಿ ಬಂದ ಪುಸ್ತಕದ 62ನೇ ಪುಟದಲ್ಲಿ ಒಂದೇ ಒಂದು ಉಪಶೀರ್ಷಿಕೆ ಬೇರೆ ಫಾಂಟ್‌ನಲ್ಲಿ ಕೂತಿರುತ್ತದಲ್ಲ, ಅದು ಹೀಗೆ ತಪ್ಪಿಸಿಕೊಂಡ ಹುಡುಗ.

ಬರಹದ ವಿಷಯ ಬೇರೆ, ಅದು ಕಾಣುವ ರೂಪ ಬೇರೆ ಎಂಬ ಆಲೋಚನೆ ಹೊಸದಲ್ಲ. 1967ರಲ್ಲಿ ಕೆನಡಾ ಸರ್ಕಾರದ ಮುದ್ರಣ ಕಚೇರಿಯಲ್ಲಿ ನಡೆದ ಸಭೆಯೊಂದರಲ್ಲಿ ವಿಲಿಯಂ ಟನಿಕ್ಲಿಫ್ ಇದನ್ನು ಪ್ರತಿಪಾದಿಸಿದರು. 1994ರಲ್ಲಿ ಹೋಕನ್ ವಿಯುಮ್ ಲೀ ವೆಬ್‌ಪುಟಗಳಿಗಾಗಿ ಸಿಎಸ್‌ಎಸ್ ಎಂಬ ಸ್ಟೈಲ್ ಭಾಷೆಯನ್ನು ಸೂಚಿಸಿದ್ದರ ಹಿಂದೆಯೂ ಇದೇ ಆಲೋಚನೆ ಇತ್ತು. ನೀವೀಗ ಓದುತ್ತಿರುವ ಈ ಪುಟದ ಉಪಶೀರ್ಷಿಕೆಗಳೂ ಹಾಗೆಯೇ. ಬರೆಯುವಾಗ ನಾನು "ಇದು ಉಪಶೀರ್ಷಿಕೆ" ಎಂದಷ್ಟೇ ಗುರುತು ಹಾಕುತ್ತೇನೆ. ಅದು ಎಷ್ಟು ದೊಡ್ಡದಾಗಿ ಕಾಣಬೇಕು ಎಂಬುದನ್ನು ನಿಮ್ಮ ಫೋನಿನ ಅಗಲ ನೋಡಿಕೊಂಡು ಬ್ರೌಸರ್ ಲೆಕ್ಕ ಹಾಕುತ್ತದೆ.

ಗುಂಡಿ ಒತ್ತಿದಾಗ ಆಗುವುದೇನು?

ಈ ಗುಂಡಿ ಅಕ್ಷರವನ್ನು ಬೆತ್ತಲೆ ಮಾಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಕಂಟ್ರೋಲ್ ಸ್ಪೇಸ್ ಮೇಲಿನ ಅಂಗಿಯನ್ನು ಮಾತ್ರ ಬಿಚ್ಚುತ್ತದೆ. ಒಳಗಿನ ಅಂಗಿ, ಅಂದರೆ ಪ್ಯಾರಾ ಸ್ಟೈಲ್, ಅಲ್ಲೇ ಇರುತ್ತದೆ. ವರ್ಡ್‌ನಲ್ಲಿ ಕಂಟ್ರೋಲ್ ಸ್ಪೇಸ್ ಅಕ್ಷರಗಳಿಗೆ ಕೈಯಾರೆ ಮಾಡಿದ ಅಲಂಕಾರ ತೆಗೆಯುತ್ತದೆ. ಸಾಲುಗಳ ನಡುವಿನ ಅಂತರ, ಅಂಚು ಮುಂತಾದ ಪ್ಯಾರಾ ಮಟ್ಟದ ಬದಲಾವಣೆ ತೆಗೆಯಲು ಕಂಟ್ರೋಲ್ ಕ್ಯೂ ಬೇಕು. ಲಿಬ್ರೆ ಆಫೀಸ್ ರೈಟರ್‌ನಲ್ಲಿ ಕಂಟ್ರೋಲ್ ಎಂ. ಹಾಗಾಗಿ "ಕಂಟ್ರೋಲ್ ಸ್ಪೇಸ್ ಒತ್ತಿದರೂ ಗ್ಯಾಪ್ ಹೋಗ್ತಿಲ್ಲ" ಎಂದು ಯಾರಾದರೂ ಗೊಣಗಿದರೆ ಅವರ ಕಂಪ್ಯೂಟರ್ ಕೆಟ್ಟಿಲ್ಲ. ಆ ಕೀಲಿಯ ಕೆಲಸ ಅದಲ್ಲ, ಅಷ್ಟೇ.

ಇನ್‌ಡಿಸೈನ್ ಇಲ್ಲಿ ಸ್ವಲ್ಪ ಪ್ರಾಮಾಣಿಕ ತಂತ್ರಾಂಶ. ಸ್ಟೈಲ್ ಮೇಲೆ ಯಾರಾದರೂ ಕೈಯಾಡಿಸಿದ್ದರೆ ಸ್ಟೈಲ್ ಹೆಸರಿನ ಪಕ್ಕ ಒಂದು ಅಧಿಕ ಚಿಹ್ನೆ ತೋರಿಸುತ್ತದೆ. ಆಲ್ಟ್ ಕೀಲಿ ಹಿಡಿದು ಆ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಕೈಯಾರೆ ಮಾಡಿದ್ದೆಲ್ಲ ಹೋಗುತ್ತದೆ, ಆದರೆ ಪದಗಳಿಗೆ ಕೊಟ್ಟ ಅಕ್ಷರ ಸ್ಟೈಲ್ ಉಳಿಯುತ್ತದೆ. ಉಚಿತ ತಂತ್ರಾಂಶ ಸ್ಕ್ರೈಬಸ್‌ನಲ್ಲೂ ಸ್ಟೈಲ್ ಹೆಸರಿನ ಪಕ್ಕದಲ್ಲೇ ಇಂಥ ಗುಂಡಿ ಇದೆ.

ವರ್ಡ್‌ನದ್ದು ಇನ್ನೊಂದು ವಿಚಿತ್ರ ನಡವಳಿಕೆ. ಒಂದು ಪ್ಯಾರಾಕ್ಕೆ ಹೊಸ ಸ್ಟೈಲ್ ಕೊಟ್ಟಾಗ, ಆ ಪ್ಯಾರಾದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕೈಯಾರೆ ದಪ್ಪ ಮಾಡಿದ್ದರೆ ಅದು ಆ ದಪ್ಪವನ್ನು ತೆಗೆದುಹಾಕುತ್ತದೆ. ಅರ್ಧಕ್ಕಿಂತ ಕಡಿಮೆ ಇದ್ದರೆ ಉಳಿಸುತ್ತದೆ. ಒಂದೆರಡು ಪದ ದಪ್ಪವಾಗಿದ್ದರೆ ಅದು ಬೇಕೆಂದೇ ಒತ್ತಿ ಹೇಳಿದ್ದು, ಇಡೀ ಪ್ಯಾರಾ ದಪ್ಪವಾಗಿದ್ದರೆ ಅದು ಬರೀ ಅಲಂಕಾರ ಎಂಬುದು ಅದರ ಊಹೆ. ಊಹೆ ಬುದ್ಧಿವಂತಿಕೆಯದ್ದೇ. ಆದರೆ ಚಿಕ್ಕ ಪ್ಯಾರಾಗಳಲ್ಲಿ ತಲೆಕೆಳಗಾಗುತ್ತದೆ. "ಎಚ್ಚರಿಕೆ: ಮಕ್ಕಳಿಗೆ ಕೊಡಬೇಡಿ, ವೈದ್ಯರನ್ನು ಕೇಳಿ" ಎಂಬ ಸಾಲಿನಲ್ಲಿ ಮೊದಲ ಮೂರು ಪದ ದಪ್ಪವಾಗಿದ್ದರೆ ಅದು ಅರ್ಧ ದಾಟಿಬಿಡುತ್ತದೆ. ಸ್ಟೈಲ್ ಕೊಟ್ಟ ತಕ್ಷಣ ಎಚ್ಚರಿಕೆಯ ದಪ್ಪ ಮಾಯ.

ಕನ್ನಡಕ್ಕೆ ಬೇರೆಯೇ ಕಪಾಟು

"ಸ್ಟೈಲ್‌ನಲ್ಲಿ ಫಾಂಟ್ ಬದಲಿಸಿದೆ, ಇಂಗ್ಲಿಷ್ ಬದಲಾಯಿತು, ಕನ್ನಡ ಹಾಗೇ ಇದೆ." ಈ ದೂರು ಬಹಳ ಕೇಳಿದ್ದೇನೆ. ಇದಕ್ಕೆ ಕಾರಣ ಕನ್ನಡದ ಮೇಲಿನ ಅಸಡ್ಡೆಯೂ ಅಲ್ಲ, ವೈರಸ್ಸೂ ಅಲ್ಲ. ಈ ತಂತ್ರಾಂಶಗಳು ಪ್ರತಿ ಸ್ಟೈಲ್‌ನಲ್ಲೂ ಲ್ಯಾಟಿನ್ ಲಿಪಿಗೆ ಒಂದು, "ಕಾಂಪ್ಲೆಕ್ಸ್ ಸ್ಕ್ರಿಪ್ಟ್" ಎಂದು ಕರೆಯುವ ಲಿಪಿಗಳಿಗೆ ಇನ್ನೊಂದು, ಹೀಗೆ ಬೇರೆ ಬೇರೆ ಫಾಂಟ್ ಇಟ್ಟುಕೊಳ್ಳುತ್ತವೆ. ಕನ್ನಡ, ದೇವನಾಗರಿ, ಅರೇಬಿಕ್ ಎಲ್ಲ ಈ ಎರಡನೇ ಗುಂಪಿನಲ್ಲಿ. ವರ್ಡ್ ಕಡತದೊಳಗೆ ದಪ್ಪ ಅಕ್ಷರದ ಗುರುತು, ಗಾತ್ರದ ಗುರುತು ಕೂಡ ಎರಡೆರಡು ಇರುತ್ತವೆ.

ಹಾಗಾಗಿ ಸ್ಟೈಲ್ ತಿದ್ದುವಾಗ ಫಾಂಟ್ ಪೆಟ್ಟಿಗೆಯಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಭಾಗವನ್ನು ಹುಡುಕಿ ಅಲ್ಲೇ ಕನ್ನಡ ಫಾಂಟ್ ಆರಿಸಬೇಕು. ಲಿಬ್ರೆ ಆಫೀಸ್‌ನಲ್ಲಿ ಆ ಭಾಗ ಕಾಣದಿದ್ದರೆ, ಭಾಷೆಯ ಸೆಟ್ಟಿಂಗ್‌ಗೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬಲ್ಲಿ ಗುರುತು ಹಾಕಬೇಕು. ಇದು ಗೊತ್ತಿಲ್ಲದೆ ಜನ ಏನು ಮಾಡುತ್ತಾರೆಂದರೆ, ಸ್ಟೈಲ್ ಕೈಕೊಟ್ಟಿತೆಂದು ಪ್ರತಿ ಪ್ಯಾರಾವನ್ನೂ ಸೆಲೆಕ್ಟ್ ಮಾಡಿ ಕೈಯಾರೆ ಫಾಂಟ್ ಬದಲಿಸುತ್ತಾರೆ. ಆಮೇಲೆ ಯಾರೋ ಬಂದು ಕ್ಲಿಯರ್ ಒತ್ತುತ್ತಾರೆ. ಎರಡು ದಿನದ ಕೆಲಸ ಒಂದು ಕೀಲಿಗೆ ಹೋಗುತ್ತದೆ.

ಇನ್‌ಡಿಸೈನ್‌ನಲ್ಲಿ ಇದೇ ಕಥೆ ಇನ್ನೂ ಗಂಭೀರ ರೂಪದಲ್ಲಿದೆ. ಅಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳಬೇಕಾದರೆ ಪ್ಯಾರಾಕ್ಕೆ "ವರ್ಲ್ಡ್ ರೆಡಿ" ಕಂಪೋಸರ್ ಆರಿಸಿರಬೇಕು. ಅದನ್ನು ಸ್ಟೈಲ್‌ನೊಳಗೆ ಇಡದೆ ಪ್ಯಾರಾಗಳಿಗೆ ಕೈಯಾರೆ ಕೊಟ್ಟಿದ್ದರೆ, ಕ್ಲಿಯರ್ ಮಾಡಿದ ಕೂಡಲೇ ಪ್ಯಾರಾ ಹಳೆಯ ಕಂಪೋಸರ್‌ಗೆ ಮರಳುತ್ತದೆ. ಒತ್ತಕ್ಷರಗಳು ಒಡೆದು ಅರ್ಧಾಕ್ಷರಗಳಾಗಿ ಚೆಲ್ಲಾಡುತ್ತವೆ. ಫಾಂಟ್ ಹಾಳಾಯಿತು ಎಂದುಕೊಂಡು ಅದನ್ನೇ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುತ್ತಾ ಕೂತವರುಂಟು.

ನುಡಿ ಫಾಂಟ್: ವೇಷ ಕಳಚಿದರೆ ಕನ್ನಡವೇ ಇಲ್ಲ

ಈಗ ಮುಖ್ಯ ವಿಷಯಕ್ಕೆ ಬರೋಣ. ಫಾರ್ಮ್ಯಾಟಿಂಗ್ ಅಳಿಸಿದರೆ ಅಕ್ಷರ ಹೋಗುವುದಿಲ್ಲ, ರೂಪ ಮಾತ್ರ ಹೋಗುತ್ತದೆ ಎಂಬುದು ಸಾಮಾನ್ಯ ನಿಯಮ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡಕ್ಕೆ ಈ ನಿಯಮ ನಡೆಯುವುದಿಲ್ಲ.

ಕಾರಣ ಇಷ್ಟು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಜಾಗ 1991ರಿಂದಲೇ ಇದೆ. ಆದರೆ ಅದನ್ನು ಸರಿಯಾಗಿ ತೋರಿಸುವ ವ್ಯವಸ್ಥೆ ಸಾಮಾನ್ಯರ ಕಂಪ್ಯೂಟರ್‌ಗಳಿಗೆ ಬರಲು ವರ್ಷಗಳೇ ಹಿಡಿದವು. ವಿಂಡೋಸ್‌ಗೆ ತುಂಗಾ ಎಂಬ ಕನ್ನಡ ಫಾಂಟ್ ಬಂದಿದ್ದು 2001ರ ಎಕ್ಸ್‌ಪಿ ಜೊತೆಗೆ. ಅಲ್ಲಿಯವರೆಗೆ, ಅದರ ನಂತರವೂ ಬಹಳ ಕಾಲ, ಕನ್ನಡಿಗರು ಒಂದು ಉಪಾಯದಿಂದ ಕೆಲಸ ನಡೆಸಿದರು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆಂದು ಇದ್ದ 256 ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದರು. ತಲೆಕಟ್ಟು ಒಂದು ಕಡೆ, ಒತ್ತು ಒಂದು ಕಡೆ, ಅಕ್ಷರದ ಮೈ ಇನ್ನೊಂದು ಕಡೆ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಎರಡರ ಹಳೆಯ ಫಾಂಟ್‌ಗಳೂ ಹೀಗೆಯೇ. ಕರ್ನಾಟಕದ ಡಿಟಿಪಿ ಅಂಗಡಿಗಳು, ಪ್ರೆಸ್ಸುಗಳು, ಕಚೇರಿಗಳು ನಿಂತಿದ್ದೇ ಈ ಉಪಾಯದ ಮೇಲೆ. ಇದನ್ನು ಹೀಗಳೆಯುವಂತಿಲ್ಲ. ಅದಿಲ್ಲದಿದ್ದರೆ ಆ ವರ್ಷಗಳಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಅಚ್ಚಾಗುವುದು ಕಷ್ಟವಿತ್ತು.

ಆದರೆ ಕಂಪ್ಯೂಟರಿನ ಕಣ್ಣಿಗೆ ಅದು ಕನ್ನಡವಲ್ಲ. ನುಡಿಯಲ್ಲಿ "ಕನ್ನಡ" ಎಂದು ಟೈಪ್ ಮಾಡಿದರೆ ಕಡತದಲ್ಲಿ ಉಳಿಯುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಇರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಬಿ ಥರ ಕಾಣುವ ಜರ್ಮನ್ ಅಕ್ಷರ, ಒಂದು ಕ್ಯೂ, ಮತ್ತೊಮ್ಮೆ ಎ. ಏಳು ಚಿಹ್ನೆಗಳ ಈ ಕಲಸುಮೇಲೋಗರವನ್ನು ಕನ್ನಡವಾಗಿ ತೋರಿಸುವುದು ಫಾಂಟ್ ಒಂದೇ. ಮತ್ತು ಫಾಂಟ್ ಎಂಬುದು ಫಾರ್ಮ್ಯಾಟಿಂಗ್. ಕ್ಲಿಯರ್ ಒತ್ತಿದಿರಿ ಅಂದುಕೊಳ್ಳಿ, ಪರದೆಯ ಮೇಲೆ ಕನ್ನಡ ಹೋಗಿ ಪೌಂಡು, ಕ್ಯೂಗಳು ಕುಣಿಯತೊಡಗುತ್ತವೆ. ನೋಟ್‌ಪ್ಯಾಡ್‌ಗೆ ಹಾಕಿ ತೆಗೆದರೂ ಇದೇ, ವಾಟ್ಸ್‌ಆ್ಯಪ್‌ಗೆ ಪೇಸ್ಟ್ ಮಾಡಿದರೂ ಇದೇ.

"ಮತ್ತೆ ನುಡಿ ಫಾಂಟ್ ಕೊಟ್ಟರೆ ಕನ್ನಡ ವಾಪಸ್ ಬರುತ್ತದಲ್ಲ, ಅದರಲ್ಲೇನಿದೆ?" ಎಂದು ಕೇಳಬಹುದು. ಶುದ್ಧ ಕನ್ನಡ ಲೇಖನವಾದರೆ ಬರುತ್ತದೆ. ಆದರೆ ಲೇಖನದ ನಡುವೆ ಇಂಗ್ಲಿಷ್ ಪದಗಳಿದ್ದರೆ? ಮೂಲದಲ್ಲಿ ಅವು ಟೈಮ್ಸ್ ನ್ಯೂ ರೋಮನ್‌ನಲ್ಲೋ ಏರಿಯಲ್‌ನಲ್ಲೋ ಇದ್ದವು. ಯಾವ ಭಾಗ ಕನ್ನಡ, ಯಾವ ಭಾಗ ಇಂಗ್ಲಿಷ್ ಎಂಬ ಮಾಹಿತಿ ಆ ಫಾಂಟ್ ಹೆಸರುಗಳಲ್ಲಿ ಮಾತ್ರ ಇತ್ತು, ಇನ್ನೆಲ್ಲೂ ಇರಲಿಲ್ಲ. ಕ್ಲಿಯರ್ ಮಾಡಿದಾಗ ಅದು ಅಳಿಸಿಹೋಯಿತು. ಈಗ ಎಲ್ಲಕ್ಕೂ ನುಡಿ ಫಾಂಟ್ ಕೊಟ್ಟರೆ ಔಷಧದ ಇಂಗ್ಲಿಷ್ ಹೆಸರು, ಇಮೇಲ್ ವಿಳಾಸ, ಪುಸ್ತಕದ ಹೆಸರು ಎಲ್ಲ ಅರ್ಥವಿಲ್ಲದ ಕನ್ನಡ ತುಂಡುಗಳಾಗುತ್ತವೆ. ಯೂನಿಕೋಡ್ ಪರಿವರ್ತಕಕ್ಕೆ ಹಾಕಿದರೂ ಅದು ಆ ಇಂಗ್ಲಿಷನ್ನೂ ಕನ್ನಡವೆಂದೇ ತಿಳಿದು ಪರಿವರ್ತಿಸಬಹುದು. ಅನ್‌ಡೂ ಮಾಡದೆ ಸೇವ್ ಮಾಡಿ ಮುಚ್ಚಿದ್ದರೆ, ಒಂದೊಂದೇ ಪದ ಓದಿ ಬೇರ್ಪಡಿಸದೆ ಬೇರೆ ದಾರಿಯಿಲ್ಲ.

ಇದರ ಜೊತೆಗೆ ವರ್ಡ್‌ನ ಆಟೋಕರೆಕ್ಟ್ ಬೇರೆ. ಅದಕ್ಕೆ ಇದೆಲ್ಲ ಇಂಗ್ಲಿಷ್ ಅಕ್ಷರಗಳಂತೆ ಕಾಣುವುದರಿಂದ ವಾಕ್ಯದ ಮೊದಲ ಅಕ್ಷರವನ್ನು ದೊಡ್ಡಕ್ಷರ ಮಾಡಲು ಹೊರಡುತ್ತದೆ. ನುಡಿಯಲ್ಲಿ ಚಿಕ್ಕ ಕ್ಯೂ ಒಂದು ಕನ್ನಡ ತುಂಡು, ದೊಡ್ಡ ಕ್ಯೂ ಮತ್ತೊಂದು. ಹಾಗಾಗಿ ಅಕ್ಷರವೇ ಬದಲಾಗುತ್ತದೆ. ಇದು ಫಾರ್ಮ್ಯಾಟಿಂಗ್ ಅಲ್ಲದ ಕಾರಣ ಯಾವ ಕ್ಲಿಯರ್ ಗುಂಡಿಯೂ ಇದನ್ನು ಸರಿಪಡಿಸದು.

ಫಾರ್ವರ್ಡ್ ಪರಿಶೀಲಿಸುವವರಿಗೂ ಈ ವಿಷಯ ಮುಖ್ಯ. ನುಡಿಯಲ್ಲಿ ತಯಾರಾದ ಹಳೆಯ ಸುತ್ತೋಲೆಯ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ನೀವು ಹುಡುಕುತ್ತಿರುವುದು ಪೌಂಡು ಮತ್ತು ಕ್ಯೂಗಳನ್ನು. "ಗೂಗಲ್‌ನಲ್ಲಿ ಸಿಗಲಿಲ್ಲ, ಆದ್ದರಿಂದ ಆದೇಶ ನಕಲಿ" ಎಂಬ ತೀರ್ಮಾನಕ್ಕೆ ಹಾರಬೇಡಿ. ಆ ಸಾಲನ್ನು ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿ ಹುಡುಕಿದರೂ ಆ ಪಿಡಿಎಫ್ ಸಿಗದಿರಬಹುದು. ಹೊರಡಿಸಿದ ಇಲಾಖೆಯ ಜಾಲತಾಣದಲ್ಲಿ ಆದೇಶದ ಸಂಖ್ಯೆ, ದಿನಾಂಕ ನೋಡುವುದೇ ನೆಟ್ಟನೆಯ ದಾರಿ.

ಫಾರ್ಮ್ಯಾಟಿಂಗ್ ಥರ ಕಾಣುವ, ಆದರೆ ಅಲ್ಲದ ಸಂಗತಿಗಳು

ವಾಟ್ಸ್‌ಆ್ಯಪ್‌ನಲ್ಲಿ ದಪ್ಪ ಅಕ್ಷರಕ್ಕೆ ಪದದ ಎರಡೂ ಬದಿ ನಕ್ಷತ್ರ ಹಾಕುತ್ತೀರಲ್ಲ, 2016ರಲ್ಲಿ ಬಂದ ಸೌಲಭ್ಯ ಅದು. ಅಲ್ಲಿ ದಪ್ಪವೆಂಬುದು ಬೇರೆ ಪದರದಲ್ಲಿಲ್ಲ, ಆ ನಕ್ಷತ್ರಗಳೂ ಪಠ್ಯದ ಭಾಗವೇ. ಹಾಗಾಗಿ ಫೋನಿನಿಂದ ಕಾಪಿ ಮಾಡಿ ಪುಟವಿನ್ಯಾಸಕ್ಕೆ ತಂದರೆ ದಪ್ಪ ಬರುವುದಿಲ್ಲ, ನಕ್ಷತ್ರ ಬರುತ್ತದೆ. ಸ್ಮರಣ ಸಂಚಿಕೆಗಳಲ್ಲಿ *ಅಧ್ಯಕ್ಷರು* ಎಂದು ನಕ್ಷತ್ರ ಸಮೇತ ಅಚ್ಚಾದ ಹೆಸರುಗಳ ಹಿಂದಿನ ರಹಸ್ಯ ಇದೇ. ಕ್ಲಿಯರ್ ಒತ್ತಿದರೆ ಅವು ಹೋಗುವುದಿಲ್ಲ. ಹುಡುಕಿ ಅಳಿಸಬೇಕು.

ಇಂಗ್ಲಿಷ್ ಸ್ಟೇಟಸ್‌ಗಳಲ್ಲಿ ಬರುವ ಬಳ್ಳಿ ಬಳ್ಳಿಯಂಥ "ಫ್ಯಾನ್ಸಿ ಫಾಂಟ್" ಕೂಡ ಫಾಂಟ್ ಅಲ್ಲ. ಗಣಿತದ ಸೂತ್ರಗಳಿಗಾಗಿ 2001ರಲ್ಲಿ ಯೂನಿಕೋಡ್‌ಗೆ ಸೇರಿಸಿದ ಬೇರೆಯೇ ಅಕ್ಷರಗಳು ಅವು. ಅಂಧರು ಬಳಸುವ ಸ್ಕ್ರೀನ್ ರೀಡರ್ ಅವನ್ನು ಪದವಾಗಿ ಓದದೆ "ಗಣಿತದ ದಪ್ಪ ದೊಡ್ಡಕ್ಷರ ಎ" ಎಂಬ ರೀತಿ ಒಂದೊಂದಾಗಿ ಓದಬಹುದು, ಇಲ್ಲವೇ ಬಿಟ್ಟೇಬಿಡಬಹುದು. ಕನ್ನಡಕ್ಕೆ ಇಂಥ ಗಣಿತದ ಅಕ್ಷರಗಳಿಲ್ಲ. ಒಂದರ್ಥದಲ್ಲಿ ನಾವು ಬಚಾವ್.

ಕನ್ನಡದಲ್ಲಿ ಕಣ್ಣಿಗೆ ಕಾಣದ ಅಕ್ಷರಗಳು ಬೇರೆ ಇವೆ. "ರಾಜ್‌ಕುಮಾರ್" ಎಂದು ಬರೆಯುವಾಗ ಜ್ ಮತ್ತು ಕು ಕೂಡಿಕೊಳ್ಳದಂತೆ ತಡೆಯುವುದು ಅಗಲವೇ ಇಲ್ಲದ ಒಂದು ಗುಪ್ತ ಚಿಹ್ನೆ. ಕ್ಲಿಯರ್ ಫಾರ್ಮ್ಯಾಟಿಂಗ್ ಅದನ್ನು ಮುಟ್ಟುವುದಿಲ್ಲ, ಮುಟ್ಟಬಾರದು ಕೂಡ. ಆದರೆ "ಹಿಡನ್ ಕ್ಯಾರೆಕ್ಟರ್ ತೆಗೆಯಿರಿ" ಎಂದು ಹೇಳುವ ಜಾಲತಾಣಗಳಿಗೆ ಕನ್ನಡ ಹಾಕಿದರೆ ಆ ಚಿಹ್ನೆಯೂ ಹೋಗಿ "ರಾಜ್ಕುಮಾರ್" ಆಗುತ್ತದೆ. ಇಂಗ್ಲಿಷಿಗೆ ಕಸವಾಗಿದ್ದದ್ದು ಕನ್ನಡಕ್ಕೆ ಕಾಗುಣಿತ.

ಅಳಿಸಿದಾಗ ಅರ್ಥ ಬದಲಾಗುವ ಜಾಗಗಳು

ಈ ಭಾಗವನ್ನು ಆರೋಗ್ಯದ ಸಂದೇಶ ಹಂಚುವವರು ದಯವಿಟ್ಟು ಗಮನವಿಟ್ಟು ಓದಿ.

ಡೆಂಗಿ ಕಾಲದಲ್ಲಿ ಪ್ಲೇಟ್‌ಲೆಟ್ ಸಂಖ್ಯೆಯ ಬಗ್ಗೆ ಫಾರ್ವರ್ಡ್‌ಗಳ ಮಳೆ ಸುರಿಯುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಇದು ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ ರಕ್ತಕ್ಕೆ 1.5 ಲಕ್ಷದಿಂದ 4.5 ಲಕ್ಷ. ಇದನ್ನೇ ಕೆಲವು ಲ್ಯಾಬ್‌ಗಳು, ವೈದ್ಯಕೀಯ ಪುಸ್ತಕಗಳು ಲೀಟರಿಗೆ 150–450 × 10⁹ ಎಂದು ಬರೆಯುತ್ತವೆ. ವರ್ಡ್‌ನಲ್ಲಿ ಆ 9ನ್ನು ಸೂಪರ್‌ಸ್ಕ್ರಿಪ್ಟ್ ಗುಂಡಿ ಒತ್ತಿ ಮೇಲಕ್ಕೇರಿಸಿದ್ದರೆ ಅದು ಕೈಯಾರೆ ಮಾಡಿದ ಫಾರ್ಮ್ಯಾಟಿಂಗ್. ಕ್ಲಿಯರ್ ಮಾಡಿದರೆ, ಅಥವಾ ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ, 10ರ ಘಾತ 9 ಹೋಗಿ 109 ಆಗುತ್ತದೆ. ನೂರು ಕೋಟಿ ಎಂಬುದು ನೂರ ಒಂಬತ್ತಾಯಿತು! ಓದುವವರಿಗೆ ಇದು ತಪ್ಪು ಎಂದು ಗೊತ್ತಾಗುವ ಯಾವ ಸುಳಿವೂ ಅಲ್ಲಿರುವುದಿಲ್ಲ. ಚದರ ಮೀಟರ್‌ನ ಮೇಲಿನ 2 ಕೂಡ ಹೀಗೆಯೇ ಕೆಳಗಿಳಿದು ಸಂಖ್ಯೆಗೆ ಅಂಟಿಕೊಳ್ಳುತ್ತದೆ.

ಇದಕ್ಕೆ ಪರಿಹಾರ ಸುಲಭ. ಯೂನಿಕೋಡ್‌ನಲ್ಲಿ ² ³ ⁹ ಎಂಬ ಮೇಲಿನ ಅಂಕಿಗಳು ಸ್ವತಂತ್ರ ಅಕ್ಷರಗಳಾಗಿಯೇ ಇವೆ. ಅವನ್ನು ಬಳಸಿದರೆ ಎಷ್ಟು ಸಲ ಕ್ಲಿಯರ್ ಒತ್ತಿದರೂ ಕೆಳಗಿಳಿಯುವುದಿಲ್ಲ. ಸಾಮಾನ್ಯ ಓದುಗರಿಗೆ ಬರೆಯುವಾಗ ನಾನಂತೂ ನೇರವಾಗಿ "1.5 ಲಕ್ಷ" ಎಂದೇ ಬರೆಯುತ್ತೇನೆ. ಅಳಿಸಲು ಏನೂ ಇಲ್ಲದಿದ್ದರೆ ಅಳಿಸುವ ಭಯವೂ ಇಲ್ಲ.

ಅಡ್ಡಗೆರೆ ಎಳೆದು ಹೊಡೆದುಹಾಕಿದ ಪಠ್ಯದ ಕಥೆ ಇನ್ನೂ ಅಪಾಯಕಾರಿ. "ದಿನಕ್ಕೆ 4 ಮಾತ್ರೆ" ಎಂಬುದನ್ನು ಗೆರೆ ಎಳೆದು ಪಕ್ಕದಲ್ಲಿ "2 ಮಾತ್ರೆ" ಎಂದು ತಿದ್ದಿದ್ದಾರೆ ಎಂದುಕೊಳ್ಳಿ. ಕ್ಲಿಯರ್ ಮಾಡಿದರೆ ಗೆರೆ ಹೋಗಿ ಎರಡೂ ಸಂಖ್ಯೆಗಳು ಪಕ್ಕಪಕ್ಕ ನಿಲ್ಲುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಅಡ್ಡಗೆರೆಗೆ ~ ಚಿಹ್ನೆ ಬಳಸುತ್ತೇವೆ. ಅದೇ ಸಂದೇಶವನ್ನು ಸಾಮಾನ್ಯ ಎಸ್‌ಎಂಎಸ್‌ಗೆ ಹಾಕಿದರೆ ಗೆರೆ ಕಾಣದೆ ~4 ಎಂದು ಉಳಿಯುತ್ತದೆ. ಬಹಳ ಜನ ಅದನ್ನು "ಸುಮಾರು 4" ಎಂದು ಓದುತ್ತಾರೆ. ತಪ್ಪನ್ನು ತಿದ್ದುವುದಿದ್ದರೆ ಹಳೆಯದನ್ನು ಪೂರ್ತಿ ಅಳಿಸಿ, "ತಿದ್ದುಪಡಿ" ಎಂದು ಅಕ್ಷರದಲ್ಲೇ ಬರೆಯಿರಿ.

ಕಪ್ಪು ಬಳಿದರೆ ಮುಚ್ಚಿಟ್ಟಂತಲ್ಲ

ಅಳಿಸಬಾರದ್ದು ಅಳಿಸಿಹೋಗುವುದು ಒಂದು ಬಗೆ. ಮುಚ್ಚಿಟ್ಟಿದ್ದು ಹೊರಗೆ ಬರುವುದು ಇನ್ನೊಂದು. ಅಕ್ಷರದ ಮೇಲೆ ಕಪ್ಪು ಹೈಲೈಟ್ ಹಾಕುವುದು, ಅಕ್ಷರವನ್ನು ಬಿಳಿ ಬಣ್ಣ ಮಾಡುವುದು, ಎರಡೂ ಬರೀ ಅಂಗಿ. 2019ರ ಜನವರಿಯಲ್ಲಿ ಅಮೆರಿಕದಲ್ಲಿ ಪಾಲ್ ಮ್ಯಾನಫೋರ್ಟ್ ಪರ ವಕೀಲರು ನ್ಯಾಯಾಲಯಕ್ಕೆ ಸಲ್ಲಿಸಿದ ಪಿಡಿಎಫ್‌ನಲ್ಲಿ ಗೋಪ್ಯ ಸಾಲುಗಳ ಮೇಲೆ ಕಪ್ಪು ಪಟ್ಟಿ ಇತ್ತು. ಪತ್ರಕರ್ತರು ಆ ಭಾಗವನ್ನು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರು. ಪಟ್ಟಿ ಅಲ್ಲೇ ಉಳಿಯಿತು, ಸಾಲುಗಳು ಹೊರಬಂದವು.

ನಮ್ಮಲ್ಲಿ ಇದು ಬೇಕಾಗುವುದು ಫಲಾನುಭವಿಗಳ ಪಟ್ಟಿ, ಸದಸ್ಯರ ಫೋನ್ ನಂಬರ್, ಆಧಾರ್ ಸಂಖ್ಯೆ ಇರುವ ಕಡತ ಹಂಚುವಾಗ. ಸಂಖ್ಯೆಗೆ ಕಪ್ಪು ಬಳಿದು ಗುಂಪಿಗೆ ಹಾಕಿದರೆ ಸಾವಿರ ಜನರಿಗೆ ಕೊಟ್ಟಂತೆಯೇ. ಸಂಖ್ಯೆಯನ್ನು ಅಳಿಸಿ ಅಲ್ಲಿ ಗೀಟು ಟೈಪ್ ಮಾಡಿ. ಆಧಾರ್ ಪ್ರತಿ ಕೊಡಲೇಬೇಕಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಅನ್ನು ಯುಐಡಿಎಐ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು.

ಹಾಗಾದರೆ ಆ ನಲವತ್ತು ಲೇಖನಗಳನ್ನು ಏನು ಮಾಡುವುದು?

ಮೊದಲು ಮೂಲ ಕಡತಗಳನ್ನೆಲ್ಲ ಒಂದು ಫೋಲ್ಡರಿನಲ್ಲಿ ಮುಟ್ಟದೆ ಇಡಿ. ನುಡಿ, ಬರಹದಲ್ಲಿ ಬಂದಿದ್ದನ್ನು ಬೇರೆ ಮಾಡಿ, ಅವುಗಳಿಗೆ ಕ್ಲಿಯರ್ ಹತ್ತಿರವೂ ಸುಳಿಯಬೇಡಿ. ಇಂಗ್ಲಿಷ್ ಪದಗಳನ್ನು ಗುರುತು ಮಾಡಿಕೊಂಡು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಮೂಲದ ಪಕ್ಕ ಇಟ್ಟು ಒಮ್ಮೆ ಓದಿ. ಪರಿವರ್ತಕಗಳು ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಎಡವುವುದುಂಟು.

ಆಮೇಲೆ ಸ್ಟೈಲ್‌ಗಳನ್ನು ಮಾಡಿಕೊಳ್ಳಿ. ಶೀರ್ಷಿಕೆ, ಲೇಖಕರ ಹೆಸರು, ಮೈಪಠ್ಯ, ಉಪಶೀರ್ಷಿಕೆ, ಚಿತ್ರದ ಅಡಿಬರಹ, ಇಷ್ಟು ಸಾಕು. ಇಪ್ಪತ್ತು ಸ್ಟೈಲ್ ಮಾಡಿ ಮೂರನ್ನೇ ಬಳಸುವ ಉತ್ಸಾಹಿಗಳನ್ನು ಲ್ಯಾಬ್ ಜರ್ನಲ್ ತರುತ್ತಿದ್ದ ದಿನಗಳಲ್ಲಿ ಸಾಕಷ್ಟು ನೋಡಿದ್ದೇನೆ. ಕನ್ನಡ ಫಾಂಟ್ ಮತ್ತು ಕಂಪೋಸರ್ ಸ್ಟೈಲ್‌ನೊಳಗೇ ಇರಲಿ. ದಪ್ಪ, ಓರೆ, ಮೇಲಿನ ಅಂಕಿ, ಅಡ್ಡಗೆರೆ ಎಲ್ಲೆಲ್ಲಿವೆ ಎಂದು ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಫಾರ್ಮ್ಯಾಟ್ ಆರಿಸಿ ಹುಡುಕಬಹುದು. ಅರ್ಥಕ್ಕೆ ಬೇಕಾದವನ್ನು ಅಕ್ಷರ ಸ್ಟೈಲ್‌ಗೆ ಬದಲಿಸಿ. ಇಷ್ಟಾದ ಮೇಲೆ, ಶೀರ್ಷಿಕೆಗಳಿಗೆ ಶೀರ್ಷಿಕೆ ಸ್ಟೈಲ್ ಕೊಟ್ಟ ನಂತರ, ಕ್ಲಿಯರ್ ಒತ್ತಿ. ಮೊದಲೇ ಒತ್ತಿದರೆ ಯಾವುದು ಶೀರ್ಷಿಕೆ, ಯಾವುದು ಮೈಪಠ್ಯ ಎಂದು ತಿಳಿಯಲು ನಲವತ್ತು ಲೇಖನ ಮತ್ತೆ ಓದಬೇಕಾಗುತ್ತದೆ. ಕೆಲವು ತಂತ್ರಾಂಶಗಳಲ್ಲಿ ಅಕ್ಷರ ಸ್ಟೈಲ್ ಕೂಡ ಹೋಗುವುದುಂಟು, ಹಾಗಾಗಿ ಇಡೀ ಕಡತಕ್ಕೆ ಕೈಹಾಕುವ ಮುನ್ನ ಒಂದು ಪ್ಯಾರಾದ ಮೇಲೆ ಪ್ರಯೋಗ ಮಾಡಿ ನೋಡಿ.

ಶೀರ್ಷಿಕೆಗೆ ಸ್ಟೈಲ್ ಕೊಡಿ ಎಂದು ಒತ್ತಾಯಿಸಲು ಇನ್ನೊಂದು ಕಾರಣವಿದೆ. ಪರಿವಿಡಿ ತಾನಾಗಿಯೇ ತಯಾರಾಗುವುದು ಸ್ಟೈಲ್‌ನಿಂದ. ಸಂಚಿಕೆಯನ್ನು ಸರಿಯಾಗಿ ಟ್ಯಾಗ್ ಮಾಡಿದ ಪಿಡಿಎಫ್ ಆಗಿ ಹಂಚಿದರೆ, ದೃಷ್ಟಿ ಇಲ್ಲದ ಓದುಗರು ಸ್ಕ್ರೀನ್ ರೀಡರ್‌ನಲ್ಲಿ ಒಂದು ಲೇಖನದಿಂದ ಇನ್ನೊಂದಕ್ಕೆ ಹಾರುವುದೂ ಈ ಶೀರ್ಷಿಕೆಗಳ ಆಧಾರದ ಮೇಲೆಯೇ. ಕೈಯಾರೆ ದಪ್ಪ ಮಾಡಿದ ದೊಡ್ಡ ಅಕ್ಷರ ನಮ್ಮ ಕಣ್ಣಿಗೆ ಶೀರ್ಷಿಕೆ. ಅವರ ತಂತ್ರಾಂಶಕ್ಕೆ ಅದು ಇನ್ನೊಂದು ಸಾಲು, ಅಷ್ಟೇ. 120 ಪುಟದ ಸಂಚಿಕೆಯನ್ನು ಅವರು ಮೊದಲಿನಿಂದ ಕೊನೆಯವರೆಗೆ ಕೇಳುತ್ತಲೇ ಹೋಗಬೇಕು.

ಫೋನಿನಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಯಾವುದಾದರೂ ಪುಟದಿಂದ ಕಾಪಿ ಮಾಡಿದಾಗ ಕ್ಲಿಪ್‌ಬೋರ್ಡ್‌ನಲ್ಲಿ ಒಂದೇ ಪಠ್ಯದ ಎರಡು ಮೂರು ಆವೃತ್ತಿಗಳಿರಬಹುದು, ಅಲಂಕಾರ ಸಮೇತ ಒಂದು, ಬರೀ ಅಕ್ಷರಗಳದ್ದು ಒಂದು. ಪೇಸ್ಟ್ ಮಾಡುವ ಆ್ಯಪ್ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ಗೂಗಲ್ ಡಾಕ್ಸ್‌ಗೆ ಪೇಸ್ಟ್ ಮಾಡಿದರೆ ಬಣ್ಣ ಸಮೇತ ಬರುವುದು, ವಾಟ್ಸ್‌ಆ್ಯಪ್‌ನಲ್ಲಿ ಬಣ್ಣ ಬಾರದಿರುವುದು ಇದರಿಂದಲೇ. ಆಂಡ್ರಾಯ್ಡ್‌ನಲ್ಲಿ ಬೆರಳು ಒತ್ತಿ ಹಿಡಿದಾಗ ಹಲವು ಆ್ಯಪ್‌ಗಳಲ್ಲಿ "ಪ್ಲೇನ್ ಟೆಕ್ಸ್ಟ್ ಆಗಿ ಪೇಸ್ಟ್ ಮಾಡಿ" ಎಂಬ ಆಯ್ಕೆ ಕಾಣುತ್ತದೆ. ಅದನ್ನು ಬಳಸಿದರೆ ಕಸ ಒಳಗೆ ಬರುವುದೇ ಇಲ್ಲ, ಆಮೇಲೆ ಗುಡಿಸುವ ಕೆಲಸವೂ ಇಲ್ಲ.

ಕಾಪಿ ಪೇಸ್ಟ್‌ನಿಂದ ಕಳಚಿಕೊಳ್ಳುವ ಇನ್ನೊಂದು ಗುರುತೂ ಇದೆ. 2018ರಲ್ಲಿ ವಾಟ್ಸ್‌ಆ್ಯಪ್ "ಫಾರ್ವರ್ಡ್ ಮಾಡಲಾಗಿದೆ" ಎಂಬ ಪಟ್ಟಿಯನ್ನು ಸಂದೇಶಗಳಿಗೆ ಅಂಟಿಸಲು ಶುರುಮಾಡಿತು. ಅದೇ ವರ್ಷ ಭಾರತದಲ್ಲಿ ಒಮ್ಮೆಗೆ 5 ಚಾಟ್‌ಗಳಿಗಷ್ಟೇ ಫಾರ್ವರ್ಡ್ ಎಂಬ ಮಿತಿ ಬಂತು. 2020ರಿಂದ ಬಹಳ ಸಲ ಫಾರ್ವರ್ಡ್ ಆದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಆ ಪಟ್ಟಿ ಇರುವುದು ಸಂದೇಶದ ಹೊರಗೆ, ಅಕ್ಷರಗಳೊಳಗಲ್ಲ. ಯಾರಾದರೂ ಪಠ್ಯವನ್ನು ಕಾಪಿ ಮಾಡಿ ಹೊಸದಾಗಿ ಪೇಸ್ಟ್ ಮಾಡಿದರೆ ಪಟ್ಟಿಯೂ ಇಲ್ಲ, ಮಿತಿಯೂ ಇಲ್ಲ. ಅವರೇ ಕೂತು ಬರೆದಂತೆ ಕಾಣುತ್ತದೆ. ಹಾಗಾಗಿ ಮುಂದಿನ ಸಲ ಸೋದರಮಾವನ ಹೆಸರಿನಲ್ಲಿ ನಾಲ್ಕು ಪ್ಯಾರಾದ ಆರೋಗ್ಯ ಸಲಹೆ ಪಟ್ಟಿಯಿಲ್ಲದೆ ಬಂದರೆ ಮೊದಲು ಅವರಿಗೆ ಒಂದು ಫೋನ್ ಮಾಡಿ, "ಮಾವ, ಇದು ಎಲ್ಲಿಂದ ಬಂತು?" ಎಂದು ಕೇಳಿ.